ವಿಟ್ಬಿಯ ಹಾಳುಮಠವೂ ಅದರ ಐತಿಹ್ಯಗಳೂ

ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದಲ್ಲಿ ಎಸ್ಕ್ ನದಿಯು ಉತ್ತರಸಮುದ್ರವನ್ನು ಸೇರುವೆಡೆ ವಿಟ್ಬಿ ಎಂಬ ಊರುಂಟು. ಅಲ್ಲಿಂದ 199 ಮೆಟ್ಟಲುಗಳನ್ನೇರಿದರೆ ಕಡಲಂಚಿನ ಗುಡ್ಡದ ಮೇಲೆ ಛಾವಣಿಯಿಲ್ಲದ ಕ್ರೈಸ್ತಮಠವೊಂದರ ಗೋಡೆಗಳು ಕಾಣುತ್ತವೆ. ಈ ಮಠವನ್ನು ಸುತ್ತಿಕೊಂಡಿರುವ ಕಥೆಗಳು ಹಲವು. ಅವುಗಳಲ್ಲಿ ಕಾಳೆಷ್ಟು, ಜೊಳ್ಳೆಷ್ಟು ಎಂಬುದನ್ನು ಕೇರಿ ನೋಡದೆ ಗತ್ಯಂತರವಿಲ್ಲ.

ನಾರ್ಥಂಬ್ರಿಯದ ದೊರೆ ಓಸ್ವಿಯುವಿನ ಕಾಲದಲ್ಲಿ, 657ರಲ್ಲಿ, ರಾಜವಂಶದ ತಪಸ್ವಿನಿಯಾದ ಹಿಲ್ಡಾ ಈ ಮಠವನ್ನು ಸ್ಥಾಪಿಸಿದಳು. ಸ್ತ್ರೀಪುರುಷರಿಬ್ಬರೂ ಆಕೆಯ ಆಜ್ಞೆಯಲ್ಲಿದ್ದರು; ಅಲ್ಲಿ ಓದಿದ ಐವರು ಬಿಷಪ್ಪರಾದರು. 664ರಲ್ಲಿ ಈಸ್ಟರ್ ಹಬ್ಬದ ದಿನನಿರ್ಣಯಕ್ಕಾಗಿ ಇಲ್ಲಿ ಸಭೆ ಕೂಡಿ, ಐರಿಷ್ ಸಂಪ್ರದಾಯವು ಸೋತು ರೋಮಿನ ಸಂಪ್ರದಾಯವು ಗೆದ್ದಿತು. (ಏಕಾದಶಿಯ ನಿರ್ಣಯಕ್ಕೆ ಸ್ಮಾರ್ತ ವೈಷ್ಣವರು ಪಂಚಾಂಗ ಹಿಡಿದು ವಾದಿಸುವುದನ್ನು ಬಲ್ಲವರಿಗೆ ಇದು ಸೋಜಿಗವೆನಿಸದು.) ಡೇನರ ದಾಳಿಯಲ್ಲಿ ಹಾಳಾದ ಮಠವು ನಾರ್ಮನ್ನರ ಕಾಲದಲ್ಲಿ ಮತ್ತೆ ಎದ್ದು, 1539ರಲ್ಲಿ 8ನೆಯ ಹೆನ್ರಿಯ ಅಪ್ಪಣೆಯಿಂದ ಮುಚ್ಚಿತು. ಈಗ ನಿಂತಿರುವ ಗೋಡೆಗಳು ಬಹುಮಟ್ಟಿಗೆ 13ನೆಯ ಶತಮಾನದವೂ ಅನಂತರದವೂ ಆಗಿವೆ. ಅವು ಹಿಲ್ಡಾ ಕಂಡ ಗೋಡೆಗಳಲ್ಲ.

ಐತಿಹ್ಯಗಳಲ್ಲಿ ಹಾವಿನದೇ ಪ್ರಸಿದ್ಧ. ಆ ನೆಲದಲ್ಲಿ ತುಂಬಿದ್ದ ಸರ್ಪಗಳನ್ನು ಹಿಲ್ಡಾ ತಪೋಬಲದಿಂದ ಕಲ್ಲಾಗಿಸಿದಳಂತೆ. ತೀರದಲ್ಲಿ ಸುರುಳಿಸುತ್ತಿದ ಕಲ್ಲುಗಳು ಇಂದಿಗೂ ಸಿಕ್ಕುತ್ತವೆ. ಅವು ಅಮೊನೈಟ್ ಎಂಬ ಕಡಲಜೀವಿಯ ಚಿಪ್ಪುಗಳು, ಸುಮಾರು 18 ಕೋಟಿ ವರ್ಷಗಳ ಹಿಂದೆ ಕೆಸರಿನಲ್ಲಿ ಹೂತು ಕಲ್ಲಾದವು. ತಲೆಯಿಲ್ಲದ ಹಾವನ್ನು ಕೊಳ್ಳುವವರು ಯಾರು? ಅಲ್ಲಿನ ಕುಶಲಿಗಳು ತಲೆಯನ್ನೂ ಕೆತ್ತಿ ಮಾರಿದರು. ನಮ್ಮ ಮನೆಗಳ ಪೆಟ್ಟಿಗೆಯಲ್ಲಿ ಪೂಜೆಗೊಳ್ಳುವ ಗಂಡಕಿಯ ಸಾಲಿಗ್ರಾಮದಲ್ಲಿಯೂ ಇದೇ ಕುಲದ ಚಿಪ್ಪಿನ ಗುರುತಿರುವುದು. ಒಂದೇ ಸುರುಳಿಯಲ್ಲಿ ಅವರು ಶಪ್ತಸರ್ಪವನ್ನು ಕಂಡರು, ನಮ್ಮವರು ಸುದರ್ಶನವನ್ನು ಕಂಡರು. ಇದರಿಂದ ಕಂಡವರ ಮನಸ್ಸು ತಿಳಿಯುವುದೇ ಹೊರತು ಹಿಲ್ಡಾಳ ವಿಷಯವೇನೂ ತಿಳಿಯದು. 731ರಲ್ಲಿ ಚರಿತ್ರೆಯನ್ನು ಮುಗಿಸಿದ ಬೀಡ್ ಪಂಡಿತನು ಪವಾಡಗಳಿಗೆ ಹಿಂಜರಿದವನಲ್ಲ. ಹಿಲ್ಡಾ ತೀರಿದ ರಾತ್ರಿ ದೂರದ ಸಂನ್ಯಾಸಿನಿಯೊಬ್ಬಳಿಗೆ ಗಂಟೆ ಕೇಳಿಸಿತೆಂದು ಬರೆದಿದ್ದಾನೆ. ಆದರೆ ಹಾವಿನ ಮಾತೇ ಅವನಲ್ಲಿಲ್ಲ.

ಮಠ ಮುಚ್ಚಿದ ಮೇಲೆ ಮಾರಿದ ಗಂಟೆಗಳು ಹಡಗಿನೊಡನೆ ಮುಳುಗಿ ನೀರಡಿಯಲ್ಲಿ ಈಗಲೂ ಮೊಳಗುತ್ತವೆಯೆಂಬ ಕಥೆಗೆ ಹೆಚ್ಚು ತೂಕವುಂಟು. ದೊರೆಯನ್ನು ಎದುರಿಸಲಾರದ ಜನ ತಮ್ಮ ನೋವನ್ನು ಕಡಲಿಗೆ ಒಪ್ಪಿಸಿದಂತಿದೆ. ಜೀವಂತವಾಗಿ ಗೋಡೆಯಲ್ಲಿ ಹೂಳಿಸಿಕೊಂಡ ಕಾನ್‌ಸ್ಟನ್ಸಳ ಪ್ರೇತದ ಕಥೆಗಾದರೋ ಅಂಥ ಬೇರಿಲ್ಲ. ಆಕೆ 1808ರ ‘ಮಾರ್ಮಿಯನ್’ ಕಾವ್ಯದಲ್ಲಿ ಸ್ಕಾಟನು ಕಲ್ಪಿಸಿದ ಪಾತ್ರ; ಅವಳನ್ನು ಹೂಳಿಸಿದ್ದೂ ವಿಟ್ಬಿಯಲ್ಲಲ್ಲ, ಲಿಂಡಿಸ್‌ಫಾರ್ನಿನಲ್ಲಿ! 1897ರ ‘ಡ್ರಾಕುಲ’ ಕಾದಂಬರಿಯ ರಕ್ತಪಿಪಾಸುವಿನ ಮಾತು ಇಲ್ಲಿ ಬೇಡ.

ಇವೆಲ್ಲದರ ಗದ್ದಲದಲ್ಲಿ ಹಿಂದೆ ಸರಿದಿರುವುದು ಬೀಡನೇ ಹೇಳಿದ ಕ್ಯಾಡ್‌ಮನ್ನನ ಕಥೆ. ಮಠದ ದನ ಕಾಯುತ್ತಿದ್ದ ಈತನಿಗೆ ಹಾಡು ಬಾರದು. ಔತಣದಲ್ಲಿ ತಂತಿವಾದ್ಯವು ಕೈಯಿಂದ ಕೈಗೆ ಬರುತ್ತಿರಲು ನಾಚಿ ಎದ್ದುಹೋಗಿ ಕೊಟ್ಟಿಗೆಯಲ್ಲಿ ಮಲಗುವನು. ಒಂದು ರಾತ್ರಿ ಕನಸಿನಲ್ಲಿ ಯಾರೋ ನಿಂತು ಸೃಷ್ಟಿಯನ್ನು ಹಾಡೆಂದರು, ಹಾಡಿದನು. ಹಿಲ್ಡಾ ಪಂಡಿತರೆದುರು ಪರೀಕ್ಷಿಸಿ, ಪವಿತ್ರಗ್ರಂಥದ ಭಾಗಗಳನ್ನು ಅರ್ಥವಿವರಿಸಿ ಕೊಡಿಸಿದಳು. ಅವನು ಅವನ್ನು ದನವು ಮೆಲುಕುಹಾಕುವಂತೆ ಮನನಮಾಡಿ ಪದ್ಯವಾಗಿಸುತ್ತಿದ್ದನೆಂದು ಬೀಡನ ಉಪಮೆ. ಗೋವಳನಿಗೆ ಇದಕ್ಕಿಂತ ಒಪ್ಪುವ ಉಪಮೆ ದೊರೆಯದು.

ಕನಸು ಐತಿಹ್ಯವೇ ಆಗಿರಲಿ. ಕಾಳಿಯ ವರದಿಂದ ಮೂಢನು ಕಾಳಿದಾಸನಾದ ಕಥೆ ನಮ್ಮಲ್ಲಿಯೂ ಉಂಟು. ಆದರೆ ಆ ಮೂಢನು ಸಂಸ್ಕೃತಕವಿಯಾದನು. ಈ ಗೋವಳನು ಲ್ಯಾಟಿನ್ನಿನ ಮನೆಯಲ್ಲಿ ಕುಳಿತು ತನ್ನ ನಾಡನುಡಿಯಲ್ಲಿಯೇ ಹಾಡಿದನು. ಶಾಸ್ತ್ರಭಾಷೆಯವರು ದೇಶಭಾಷೆಗೆ ಮಣೆಹಾಕಿದ ಈ ಘಟನೆಯ ಮುಂದೆ ಕಲ್ಲಾದ ಹಾವು ಮಕ್ಕಳಾಟ. ಬೀಡನು ಮೂಲಪದ್ಯವನ್ನು ಕೊಡದೆ ಲ್ಯಾಟಿನ್ನಿನಲ್ಲಿ ಭಾವಾರ್ಥವನ್ನು ಮಾತ್ರ ಬರೆದು, ಕಾವ್ಯವನ್ನು ಪದಶಃ ಪರಿವರ್ತಿಸಿದರೆ ಸೊಬಗು ಕೆಡುವುದೆಂದು ಒಪ್ಪಿಕೊಂಡಿದ್ದಾನೆ. ಅವನ ಗ್ರಂಥವನ್ನು ನಕಲುಮಾಡಿದ ಲಿಪಿಕಾರರು ಅಷ್ಟಕ್ಕೆ ತೃಪ್ತರಾಗಲಿಲ್ಲ. ಕೆಲವರು ಹಾಳೆಯ ಅಂಚಿನಲ್ಲಿ, 8ನೆಯ ಶತಮಾನದ ಒಬ್ಬನು ಗ್ರಂಥದ ಕೊನೆಯಲ್ಲಿ, ಆ ಒಂಬತ್ತು ಸಾಲುಗಳನ್ನು ಹಾಡಿದ ಭಾಷೆಯಲ್ಲಿಯೇ ಬರೆದಿಟ್ಟರು.