ಹಳೇ ಮನೆ ನೋಡುವ ಕಣ್ಣು

ರೋಣ, ನರಗುಂದ, ಗಜೇಂದ್ರಗಡದ ಹಳೇ ಓಣಿಗಳಲ್ಲಿ ಮಾರಾಟಕ್ಕಿಟ್ಟ ಮಾಳಿಗೆ ಮನೆಯನ್ನು ಅನುಭವಸ್ಥ ಗೌಂಡಿಯೊಬ್ಬ ನೋಡುವ ರೀತಿಯೇ ಒಂದು ವಿದ್ಯೆ. ಹೊಸ ಸುಣ್ಣ, ಬಾಗಿಲ ಕೆತ್ತನೆ ಅವನನ್ನು ಮರುಳು ಮಾಡಲಾರವು. ಎಷ್ಟು ಅಂಕಣದ ಮನೆ ಎಂದು ಕೇಳಿ, ನೇರವಾಗಿ ಜಂತಿಗಳ ಕೆಳಗೆ ಹೋಗಿ ನಿಲ್ಲುತ್ತಾನೆ. ತೊಲೆಯ ತುದಿ ಗೋಡೆಯೊಳಗೆ ಹೊಕ್ಕ ಜಾಗವನ್ನು ಸುತ್ತಿಗೆಯಿಂದ ತಟ್ಟುತ್ತಾನೆ. ಗಟ್ಟಿ ಮರ ಖಣ್ ಎನ್ನುತ್ತದೆ. ಗೆದ್ದಲು ತಿಂದದ್ದು ಪೊಳ್ಳು ಸದ್ದು ಕೊಡುತ್ತದೆ. ತೇವ ಹಿಡಿಯುವುದು, ಹುಳ ಹತ್ತುವುದು ಹೆಚ್ಚಾಗಿ ಅಲ್ಲಿಯೇ. ಆಮೇಲೆ ಮಾಳಿಗೆ ಹತ್ತಿ, ನೀರು ಯಾವ ಕಡೆ ಹರಿಯುತ್ತದೆಂದು ನೋಡುತ್ತಾನೆ. ಸೋರದಿರಲೆಂದು ವರ್ಷ ವರ್ಷ ಮಣ್ಣಿನ ಮೇಲೆ ಮಣ್ಣು ಹಾಕುತ್ತ ಬಂದಿದ್ದರೆ ಆ ಭಾರವೇ ಜಂತಿಯನ್ನು ಬಗ್ಗಿಸಿರುತ್ತದೆ.

ನರಗುಂದದಲ್ಲಿ ಅವನ ಗಮನವೆಲ್ಲ ನೆಲದ ಮೇಲೆ. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಗೋಡೆಯ ಓರೆ ಬಿರುಕು ಅದಕ್ಕೆ ಸಾಕ್ಷಿ. ನೆಲದಡಿ ಕಾಳು ತುಂಬಿಡುತ್ತಿದ್ದ ಹಳೇ ಹಗೇವುಗಳಿರುವ ಊರಿದು, ಈಚಿನ ವರ್ಷಗಳಲ್ಲಿ ಮನೆಯೊಳಗೇ ನೆಲ ಕುಸಿದದ್ದನ್ನು ಜನ ಮರೆತಿಲ್ಲ. ಕೊಣ್ಣೂರು, ಹೊಳೆಆಲೂರಿನ ಕಡೆಯಾದರೆ 2019ರ ಮಲಪ್ರಭಾ ನೆರೆ ಎಲ್ಲಿಯವರೆಗೆ ಬಂದಿತ್ತೆಂದು ನೆರೆಹೊರೆಯವರನ್ನೇ ಕೇಳಬೇಕು. ಗಜೇಂದ್ರಗಡದಲ್ಲಿ ಕಲ್ಲಿನ ಗೋಡೆ ಹೊಟ್ಟೆ ಬಿಟ್ಟಿದೆಯೇ ಎಂದು ನೂಲು ಹಿಡಿದು ನೋಡಿದರೆ ತಿಳಿಯುತ್ತದೆ.

ಉತಾರದಲ್ಲಿ ಯಾರ ಹೆಸರಿದೆ, ಅಣ್ಣತಮ್ಮಂದಿರ ಹಿಸ್ಸೆ ಆಗಿದೆಯೇ ಎಂಬುದು ವಕೀಲರ ಕೆಲಸ. ಮರ, ಮಣ್ಣು, ಕಲ್ಲಿನ ಮಾತು ತಿಳಿಯುವುದು ಈ ಗೌಂಡಿಗೇ. ಮುಂಗಡ ಕೊಡುವ ಮೊದಲು ಒಂದು ದಿನದ ಪಗಾರ ಕೊಟ್ಟು ಅವನನ್ನು ಕರೆದೊಯ್ಯಿರಿ, ಅದೂ ಮಳೆ ಬಿದ್ದ ಮರುದಿನ.