ಎರಡೇ ವರ್ಷಕ್ಕೆಂದು ಕಟ್ಟಿದ ಎಂಜಿನ್ನು

ಈ ವಾರ ಮಲ್ಲಾರ್ಡ್ ಬಗ್ಗೆ ಬರೆಯುತ್ತೇನೆ ಎಂದಿದ್ದೆ. 1938ರಲ್ಲಿ ಗಂಟೆಗೆ 126 ಮೈಲಿ ಓಡಿ ದಾಖಲೆ ಮಾಡಿದ ಆ ನೀಲಿ ಎಂಜಿನ್ನನ್ನು ಹೊಗಳುವವರಿಗೆ ಕೊರತೆಯಿಲ್ಲ. ಉಗಿಬಂಡಿ ಎಂದರೆ ವೇಗ ಎನ್ನುವ ಆ ಪಂಥದ ಜೊತೆ ನನ್ನ ತಕರಾರು ಹಳೆಯದು. ಯಾರ್ಡಿನಲ್ಲಿ ಬೋಗಿ ಜೋಡಿಸುವ ಶಂಟಿಂಗ್ ಎಂಜಿನ್ ಇಲ್ಲದೆ ಯಾವ ಎಕ್ಸ್‌ಪ್ರೆಸ್ ತಾನೇ ಹೊರಟೀತು? ಹಾಗಾಗಿ ಮಲ್ಲಾರ್ಡ್ ಇರಲಿ, ಈ ಸಲ ಹನ್ಸ್‌ಲೆಟ್ ಆಸ್ಟೆರಿಟಿ ಎಂಬ ಶಂಟಿಂಗ್ ಎಂಜಿನ್.

ಎರಡನೇ ಮಹಾಯುದ್ಧದ ನಡುವೆ ಬ್ರಿಟಿಷ್ ಸೇನೆಗೆ ಶಂಟಿಂಗ್ ಎಂಜಿನ್ನುಗಳು ತುರ್ತಾಗಿ ಬೇಕಾದವು. ಅವನ್ನು ಒದಗಿಸುವ ಹೊಣೆ ಹೊತ್ತಿದ್ದ ಎಂಜಿನಿಯರ್ ರಿಡಲ್ಸ್ ಮೊದಲು ಎಲ್‌ಎಂಎಸ್ ರೈಲ್ವೆ ಕಂಪನಿಯ ‘ಜಿಂಟಿ’ ಶಂಟಿಂಗ್ ಎಂಜಿನ್ನನ್ನೇ ಕಟ್ಟಿಸುವ ಯೋಚನೆಯಲ್ಲಿದ್ದರು. ತನ್ನ ಹಳೆಯ ವಿನ್ಯಾಸವನ್ನು ಸರಳಗೊಳಿಸಿದರೆ ಕೆಲಸ ಬೇಗ ಮುಗಿಯುತ್ತದೆ ಎಂದು ಲೀಡ್ಸ್‌ನ ಹನ್ಸ್‌ಲೆಟ್ ಕಂಪನಿ ಅವರನ್ನು ಒಪ್ಪಿಸಿತು. ಎರಕದ ಉಕ್ಕು ಬೇಡದ ಕಡೆ ಬೀಡುಕಬ್ಬಿಣ ಬಂತು. ಎರಡು ವರ್ಷ ಎಡೆಬಿಡದೆ ದುಡಿದರೆ ಸಾಕು ಎಂಬುದು ಲೆಕ್ಕ. 1943ರಿಂದ ಆರು ಕಂಪನಿಗಳು ಸೇರಿ ಸೇನೆಗೆ 377 ಎಂಜಿನ್ನುಗಳನ್ನು ಕಟ್ಟಿಕೊಟ್ಟವು.

ಹತ್ತಿರ ನಿಂತು ನೋಡಬೇಕು ಇದನ್ನು. ನೀರಿನ ಟ್ಯಾಂಕು ಬಾಯ್ಲರಿನ ಬೆನ್ನ ಮೇಲೆ ಜೀನಿನಂತೆ ಕೂತಿದೆ. 1,200 ಗ್ಯಾಲನ್ ನೀರಿನ ಭಾರವೆಲ್ಲ ಆರೂ ಚಾಲಕ ಚಕ್ರಗಳ ಮೇಲೆ ಬೀಳುವುದರಿಂದ ಚಕ್ರ ಸುಲಭಕ್ಕೆ ಜಾರುವುದಿಲ್ಲ. ಟ್ಯಾಂಕು ಮೇಲೇರಿದ್ದರಿಂದ ಬಾಯ್ಲರಿನ ಕೆಳಗೆ ಜಾಗ ತೆರವಾಗಿದೆ. ಎರಡೂ ಸಿಲಿಂಡರು ಚೌಕಟ್ಟಿನ ಒಳಗಿದ್ದರೂ ಉಗಿಯ ಹರಿವನ್ನು ನಿಯಂತ್ರಿಸುವ ಸ್ಟೀಫನ್ಸನ್ ವಾಲ್ವ್ ಗೇರಿಗೆ ಎಣ್ಣೆ ಹಾಕಲು ಪಕ್ಕದಿಂದಲೇ ಕೈ ಹೋಗುತ್ತದೆ. ಚಕ್ರದ ವ್ಯಾಸ 4 ಅಡಿ 3 ಅಂಗುಲ: ಓಟಕ್ಕಲ್ಲ, ಎಳೆತಕ್ಕೆ. ಮೊದಲ ಚಕ್ರದಿಂದ ಕೊನೆಯದಕ್ಕೆ 11 ಅಡಿ ಅಷ್ಟೇ ಅಂತರ, ಆದ್ದರಿಂದ ಗಣಿ, ಕಾರ್ಖಾನೆಗಳ ಬಿಗಿ ತಿರುವುಗಳಲ್ಲೂ ಅದು ನುಸುಳುತ್ತಿತ್ತು.

ಯುದ್ಧ ಮುಗಿಯಿತು, ಎಂಜಿನ್ನು ಮುಗಿಯಲಿಲ್ಲ. 1946ರಲ್ಲಿ 75ನ್ನು ಎಲ್‌ಎನ್‌ಇಆರ್ ರೈಲ್ವೆ ಕಂಪನಿ ಕೊಂಡಿತು. ಕಲ್ಲಿದ್ದಲು ಗಣಿಗಳಿಂದ ಹೊಸ ಬೇಡಿಕೆ ಬರುತ್ತಲೇ ಇತ್ತು. 1964ರಲ್ಲಿ ಕೊನೆಯದು ಹೊರಬರುವ ಹೊತ್ತಿಗೆ ಒಟ್ಟು 485. ಬ್ರಿಟಿಷ್ ರೈಲ್ವೆ 1968ರಲ್ಲಿ ಉಗಿಗೆ ವಿದಾಯ ಹೇಳಿದ ಮೇಲೂ ಗಣಿಗಳಲ್ಲಿ ಇವು ದುಡಿದವು. ಸುಮಾರು 70 ಇಂದಿಗೂ ಉಳಿದಿವೆ. ಪಾರಂಪರಿಕ ರೈಲುಮಾರ್ಗಗಳಲ್ಲಿ ಕೆಲವು ಪ್ರಯಾಣಿಕರನ್ನೂ ಎಳೆಯುತ್ತಿವೆ. ರಿಪೇರಿಗೆ ಸುಲಭವಾದದ್ದು ಇವುಗಳ ದೀರ್ಘಾಯುಷ್ಯಕ್ಕೆ ಒಂದು ಕಾರಣ.

ಮಲ್ಲಾರ್ಡ್ ಇಂದು ಯಾರ್ಕ್‌ನ ವಸ್ತುಸಂಗ್ರಹಾಲಯದಲ್ಲಿ ನಿಂತಿದೆ. ಇಂಗ್ಲೆಂಡಿಗೆ ಹೋಗುವ ಓದುಗರು ಅದನ್ನು ಖಂಡಿತ ನೋಡಲಿ. ಆದರೆ ಓಡುವ ಒಂದು ಆಸ್ಟೆರಿಟಿಯ ಹಿಂದೆ ಕೂತು ನಾಲ್ಕು ಮೈಲಿ ಹೋಗದೆ ವಾಪಸು ಬರಬೇಡಿ.