ಹಾಡು ಯಾರದು, ಡಬ್ಬಿ ಯಾರದು

ಬೀದರ್ ಜಿಲ್ಲೆಯ ನಮ್ಮ ಭಾತಂಬ್ರಾದಲ್ಲಿ ರಸೀದಿ ಪುಸ್ತಕ ಹಿಡಿದು ಚಂದಾ ಕೇಳಲು ಬಂದವರಿಗೆ ಮೊದಲು ಚಹಾ ಸಿಗುತ್ತದೆ, ಆಮೇಲೆ ಪ್ರಶ್ನೆ: ‘ತಮ್ಮಾ, ಹ್ವಾದ ವರ್ಷದ ಲೆಕ್ಕ ಎಲ್ಲದ?’ ಗಣಪತಿಯ ಪೆಂಡಾಲಿರಲಿ, ಜಾತ್ರೆಯ ದಾಸೋಹವಿರಲಿ, ಶಾಲೆಯ ಕೋಣೆಗೆ ತಗಡು ಹೊದಿಸುವುದಿರಲಿ, ಈ ಪ್ರಶ್ನೆ ದಾಟದೆ ಹತ್ತು ರೂಪಾಯಿಯೂ ಕಿಸೆಯಿಂದ ಹೊರಬರುವುದಿಲ್ಲ. ಕೇಳುವವರನ್ನು ಜಿಪುಣರೆಂದು ತಿಳಿಯಬಾರದು. ನಾಟಕ, ಆರ್ಕೆಸ್ಟ್ರಾದ ಹೆಸರಲ್ಲಿ ಎತ್ತಿದ ದುಡ್ಡು ಹಾಡಿನ ಜೊತೆಗೇ ಗಾಳಿಗೆ ಹೋದದ್ದನ್ನು ಅವರು ಕಂಡವರು. ನಾನು ಹೈಸ್ಕೂಲಿನಲ್ಲಿದ್ದಾಗ ‘ಸಹಾಯಾರ್ಥ’ ಎಂದು ದಪ್ಪಕ್ಷರದಲ್ಲಿ ಅಚ್ಚಾದ ರಸಮಂಜರಿಯ ಟಿಕೆಟ್ ಪುಸ್ತಕವೊಂದು ನನ್ನ ಕೈಗೂ ಬಂದಿತ್ತು. ಇಪ್ಪತ್ತು ಟಿಕೆಟ್ ಮಾರಿದೆ. ಯಾರ ಸಹಾಯಾರ್ಥ ಎಂಬುದು ಇಂದಿಗೂ ತಿಳಿದಿಲ್ಲ.

ಈ ಊರ ಪ್ರಶ್ನೆಯನ್ನೇ ಹಿಡಿದುಕೊಂಡು ರಾಕ್ ಬ್ಯಾಂಡುಗಳ ಒಂದು ರೂಢಿಯನ್ನು ತೂಗಿ ನೋಡೋಣ ಅನ್ನಿಸಿದೆ. ಬ್ಯಾಂಡು ದೇಶದೇಶ ಸುತ್ತಲು ಹೊರಟಾಗ ಅದರ ಬೆನ್ನಿಗೆ ಸೇವಾಸಂಸ್ಥೆಯೊಂದರ ಕಾರ್ಯಕರ್ತರೂ ಹೊರಡುತ್ತಾರೆ. ಒಂದೊಂದು ಊರಲ್ಲೂ ಅಲ್ಲಿಯ ಸ್ವಯಂಸೇವಕರನ್ನು ಕೂಡಿಸಿ, ಗೇಟಿನ ಹತ್ತಿರ ಮೇಜು ಹಾಕಿ, ಒಳಗೆ ಹೋಗಲು ಸಾಲು ನಿಂತವರಿಂದ ಸಹಿ ಪಡೆಯುತ್ತಾರೆ. ಇದರಲ್ಲಿ ಹೆಸರಾದದ್ದು 2002ರಿಂದೀಚೆಗೆ ಕೋಲ್ಡ್‌ಪ್ಲೇ ಬ್ಯಾಂಡಿನ ಜೊತೆ ಆಕ್ಸ್‌ಫ್ಯಾಮ್ ನಡೆಸಿದ ಪ್ರಚಾರ. ವ್ಯಾಪಾರ ನ್ಯಾಯವಾಗಿರಲಿ ಎಂಬ ಅರ್ಥದ ಘೋಷಣೆ ಗಾಯಕ ಕ್ರಿಸ್ ಮಾರ್ಟಿನ್‌ರ ಅಂಗೈ ಹಿಂಬದಿಯಲ್ಲಿ ಮಸಿಯಲ್ಲಿ ಬರೆದಿರುತ್ತಿತ್ತು, ಪಿಯಾನೋ ಮೇಲೂ ಇರುತ್ತಿತ್ತು. ಹಾಡು ನಡೆದಿರುವಾಗ ಕ್ಯಾಮೆರಾ ಆ ಕೈಯ ಮೇಲೆ ಬಂದೇ ಬರುತ್ತದಲ್ಲ! 2005ರ ಡಿಸೆಂಬರಿನಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಹಾಂಗ್‌ಕಾಂಗ್ ಸಭೆಗೆ ಮುಟ್ಟಿಸಿದ ಮನವಿಯಲ್ಲಿ ಕೋಟಿಗೂ ಮೀರಿ ಸಹಿಗಳಿದ್ದವು.

ಸಹಿಯ ಹಾಳೆಯಲ್ಲಿದ್ದ ವಿಷಯ ಯಾವುದು? ಶ್ರೀಮಂತ ದೇಶಗಳು ತಮ್ಮ ರೈತರಿಗೆ ಸಬ್ಸಿಡಿ ಕೊಟ್ಟು ಬೆಳೆಸಿದ ಮಾಲನ್ನು ಬಡ ದೇಶಗಳ ಪೇಟೆಗೆ ಅಗ್ಗಕ್ಕೆ ಸುರಿಯುವುದು, ಅದರಿಂದ ಇಲ್ಲಿಯವನ ಬೆಳೆಗೆ ಬೆಲೆ ಬೀಳುವುದು. ಭಾತಂಬ್ರಾದ ಕಪ್ಪು ಮಣ್ಣಿನಲ್ಲಿ ತೊಗರಿ ಬಿತ್ತುವವನಿಗೆ ಇದನ್ನು ಯಾವ ಗಾಯಕನೂ ಹೇಳಿಕೊಡಬೇಕಾಗಿಲ್ಲ. 2015ರಲ್ಲಿ ತೊಗರಿಬೇಳೆ ಕಿಲೋಗೆ ಇನ್ನೂರರ ಹತ್ತಿರ ಹೋದದ್ದನ್ನು ನೋಡಿ ಮರುವರ್ಷ ಹೊಲವೆಲ್ಲ ತೊಗರಿ ಹಾಕಿದವರು 2017ರ ಆರಂಭದಲ್ಲಿ ಕ್ವಿಂಟಲಿಗೆ 5,050 ರೂಪಾಯಿಯ ಬೆಂಬಲ ಬೆಲೆಯೂ ಪೇಟೆಯಲ್ಲಿ ಸಿಗದೆ ಖರೀದಿ ಕೇಂದ್ರದ ಮುಂದೆ ಚೀಲಗಳ ಮೇಲೆ ಮಲಗಿದರು. 2021ರ ಮೇ ತಿಂಗಳಿಂದ ನಿರ್ಬಂಧವಿಲ್ಲದ ತೊಗರಿ ಆಮದಿಗೆ ಬಾಗಿಲು ತೆರೆದು, ಅದರ ಅವಧಿಯನ್ನು ವರ್ಷವರ್ಷ ವಿಸ್ತರಿಸುತ್ತ ಬರಲಾಗಿದೆ. ಅಂದಮೇಲೆ ಆ ಹಾಳೆ ಒಂದರ್ಥದಲ್ಲಿ ನಮ್ಮದೇ. ಸಹಿ ಮಾತ್ರ ಮಾಂಚೆಸ್ಟರಿನ ಹುಡುಗಿಯದು.

ಅದೇನು ತಪ್ಪಲ್ಲ. ಅವಳ ದೇಶದ ಸರ್ಕಾರದ ಕಿವಿ ಅವಳಿಗೆ ಹತ್ತಿರ. ಆದರೆ ಆ ಪ್ರಚಾರದ ಕೊರತೆ ಕಾಣುವುದೂ ಇಲ್ಲಿಯೇ. ಕೈ ಮೇಲಿನ ಅಕ್ಷರ ಹಾಡಿನೊಳಗೆ ಇಳಿಯಲೇ ಇಲ್ಲ. ಒಳಗೆ ಪ್ರೇಮದ ಹಾಡು, ಹೊರಗೆ ತೊಗರಿಯ ಹಾಳೆ. ನಡುವೆ ಒಂದು ಗೇಟು. ಕಾರ್ಯಕರ್ತ ಕೂಡಿದ ಮಂದಿಯನ್ನು ಕಡ ತಂದಿರುತ್ತಾನೆ, ಮಂದಿ ಬಂದದ್ದು ಬೇರೆಯವನಿಗಾಗಿ. ಸಾಲಿನಲ್ಲಿ ನಿಂತು ಬೇಸತ್ತವನು ಸಹಿ ಹಾಕಿಬಿಡುತ್ತಾನೆ, ಬಸ್ ನಿಲ್ದಾಣದಲ್ಲಿ ಕೈಗೆ ಬಂದ ಕರಪತ್ರ ಓದಿದ ಹಾಗೆ.

ದುಡ್ಡಿನ ಲೆಕ್ಕಕ್ಕೆ ಬಂದರೆ ಇನ್ನೊಂದು ಕಥೆ. 1971ರ ಆಗಸ್ಟ್ 1ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ರವಿಶಂಕರ್ ಮತ್ತು ಜಾರ್ಜ್ ಹ್ಯಾರಿಸನ್ ಬಾಂಗ್ಲಾದೇಶದ ನಿರಾಶ್ರಿತರಿಗಾಗಿ ಒಂದೇ ದಿನ ಎರಡು ಕಛೇರಿ ನಡೆಸಿದರು. ಪ್ರವಾಸ ಅಲ್ಲ ಅದು, ಆದರೂ ಆಮೇಲಿನ ಎಲ್ಲ ಸಹಾಯಾರ್ಥ ರಾಕ್ ಕಛೇರಿಗಳ ಮೂಲಪಾಠ. ಸಿತಾರ್, ಸರೋದ್ ಶ್ರುತಿ ಮಾಡಿಕೊಳ್ಳುತ್ತಿದ್ದಂತೆಯೇ ಸಭೆ ಚಪ್ಪಾಳೆ ತಟ್ಟಿತೆಂಬುದನ್ನು ಎಲ್ಲರೂ ನಗುತ್ತ ನೆನೆಯುತ್ತಾರೆ. ನನಗೆ ಅದರಲ್ಲಿ ನಗುವುದಕ್ಕಿಂತ ತಿಳಿಯುವುದು ಹೆಚ್ಚಿದೆ. ಹಾಡು ಇನ್ನೂ ಶುರುವಾಗಿಲ್ಲ, ಮೆಚ್ಚಿಗೆ ಆಗಲೇ ಮುಗಿದಿದೆ. ಸಹಾಯದ ಕಛೇರಿಗಳಲ್ಲಿ ಪುಣ್ಯವೂ ಹೀಗೆ ಟಿಕೆಟ್ ಕೊಂಡ ಗಳಿಗೆಯಲ್ಲೇ ಸಂದಾಯವಾಗಿಬಿಡುತ್ತದೆ. ಅಂದಿನ ಗೇಟಿನ ಹಣ 2,43,418 ಡಾಲರ್ 50 ಸೆಂಟ್ ಯುನಿಸೆಫ್‌ಗೆ ಸರಿಯಾಗಿ ಸಂದಿತು. ಅದಕ್ಕಿಂತ ದೊಡ್ಡ ಮೊತ್ತ ಬಂದದ್ದು ಆಮೇಲೆ, ಧ್ವನಿಮುದ್ರಿಕೆ ಮತ್ತು ಸಿನಿಮಾದಿಂದ. ಕಛೇರಿಗೆ ಮೊದಲೇ ಕಾಗದಪತ್ರ ಮಾಡಿಸಿ ತೆರಿಗೆ ವಿನಾಯಿತಿ ಪಡೆದಿರಲಿಲ್ಲವೆಂದು ಅದರ ಬಹುಪಾಲು ಅಮೆರಿಕದ ತೆರಿಗೆ ಇಲಾಖೆಯ ತನಿಖೆಯಲ್ಲಿ ಹತ್ತಿರಹತ್ತಿರ ಹತ್ತು ವರ್ಷ ಸಿಕ್ಕಿಬಿತ್ತು. ಕದ್ದವರಿಲ್ಲ, ಉದ್ದೇಶ ಕೆಟ್ಟದ್ದಲ್ಲ. ರಸೀದಿ ಪುಸ್ತಕ ಮೊದಲೇ ಅಚ್ಚಾಗಿರಲಿಲ್ಲ, ಅಷ್ಟೇ. ಅಷ್ಟರಲ್ಲಿ ಹಸಿದ ಮಕ್ಕಳು ಬೆಳೆದು ದೊಡ್ಡವರಾದರು, ಅಥವಾ ಆಗಲಿಲ್ಲ.

ಇದಕ್ಕೆ ಹೋಲಿಸಿದರೆ 1986ರ ಜೂನ್‌ನಲ್ಲಿ ಮಾನವ ಹಕ್ಕುಗಳ ಅಮ್ನೆಸ್ಟಿ ಸಂಸ್ಥೆ ಅಮೆರಿಕದ ಆರು ಊರುಗಳಲ್ಲಿ ನಡೆಸಿದ ಪ್ರವಾಸ ಹೆಚ್ಚು ಜಾಣತನದ್ದು. ಯೂ-ಟೂ, ಸ್ಟಿಂಗ್, ಪೀಟರ್ ಗೇಬ್ರಿಯೆಲ್, ಜೋನ್ ಬಯೆಜ್ ಹಾಡಿದರು. ಅಲ್ಲಿ ಗುರಿ ದುಡ್ಡಿಗಿಂತ ಹೊಸ ಸದಸ್ಯರನ್ನು ಮಾಡಿಕೊಳ್ಳುವುದಾಗಿತ್ತು. ಸದಸ್ಯನಾದವನು ಮನೆಗೆ ಹೋಗಿ ಕೂತು, ಯಾವುದೋ ದೇಶದ ಜೈಲಿನಲ್ಲಿರುವವನ ಬಿಡುಗಡೆಗಾಗಿ ಕಾಗದ ಬರೆಯಬೇಕು. ಹಾಡು ಮುಗಿದ ಮೇಲೆ ಮಾಡಬೇಕಾದ ಕೆಲಸವೊಂದು ಕೇಳಿದವನ ಕೈಯಲ್ಲಿ ಉಳಿಯುತ್ತದೆ. ನಾನು ಕಂಡಂತೆ ರಾಕ್ ಪ್ರವಾಸದ ಪ್ರಚಾರಗಳಲ್ಲಿ ಇದಕ್ಕಿಂತ ಗಟ್ಟಿಯಾದ ಕಟ್ಟು ಇಲ್ಲ.

ಎರಡು ವರ್ಷದ ಬಳಿಕ, ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಗೆ 40 ತುಂಬಿದಾಗ, ಅದೇ ಸಂಸ್ಥೆ ಜಗತ್ತಿನ ಸುತ್ತ ಇಪ್ಪತ್ತು ಕಛೇರಿಗಳ ಪ್ರವಾಸ ಮಾಡಿತು. ಬ್ರೂಸ್ ಸ್ಪ್ರಿಂಗ್‌ಸ್ಟೀನ್, ಟ್ರೇಸಿ ಚಾಪ್‌ಮನ್, ಸೆನೆಗಲ್‌ನ ಯೂಸು ನ್ದೂರ್ ಇದ್ದರು. ಖರ್ಚಿನ ದೊಡ್ಡ ಪಾಲು ಹೊತ್ತದ್ದು ಬೂಟು ತಯಾರಿಸುವ ರೀಬಾಕ್ ಕಂಪನಿ. 1988ರ ಸೆಪ್ಟೆಂಬರ್ 30ರಂದು ಪ್ರವಾಸ ದೆಹಲಿಯ ಜವಾಹರಲಾಲ್ ನೆಹರೂ ಕ್ರೀಡಾಂಗಣಕ್ಕೆ ಬಂತು. ಆ ತಾರೀಕು ನೋಡಿದಾಗಲೆಲ್ಲ ನನಗೆ ಇನ್ನೊಂದು ನೆನಪಾಗುತ್ತದೆ. ಅದೇ ಸೆಪ್ಟೆಂಬರಿನ ನಡುವೆ ನಮ್ಮ ಬೀದರ್‌ನಲ್ಲಿ ಗಲಭೆಯಾಗಿ, ಓದಲು ಬಂದಿದ್ದ ಸಿಖ್ ಹುಡುಗರನ್ನು ಕೊಂದಿದ್ದರು. ಗುರುನಾನಕ್ ಝೀರಾ ಗುರುದ್ವಾರದ ಸಿಹಿನೀರು ಕುಡಿದ ಊರು ಅದು. ದೆಹಲಿಯಲ್ಲಿ ಹಕ್ಕುಗಳ ಹಾಡು ಮೊಳಗುವ ಹೊತ್ತಿಗೆ ಆ ರಕ್ತ ಒಣಗಿ ಎರಡು ವಾರ. ಪ್ರವಾಸದ ನಕಾಶೆಯಲ್ಲಿ ಬೀದರ್ ಇರಲಿಲ್ಲ, ಇರುವುದು ಸಾಧ್ಯವೂ ಇರಲಿಲ್ಲ. ರಾಕ್ ಪ್ರವಾಸ ಹೋಗುವುದು ಕ್ರೀಡಾಂಗಣ, ವಿಮಾನ ನಿಲ್ದಾಣ, ಸಾವಿರಾರು ವ್ಯಾಟ್ ವಿದ್ಯುತ್ ಇರುವಲ್ಲಿಗೆ. ಗಾಯ ಎಲ್ಲಿದೆ ಎಂದು ನೋಡಿ ಅದು ದಾರಿ ಗುರುತಿಸಿಕೊಳ್ಳಲಾರದು. ಇದು ದೂರು ಅಲ್ಲ, ಆ ಬಗೆಯ ಪ್ರಚಾರದ ಮೈಕಟ್ಟೇ ಹಾಗೆ.

ಬೇರೆ ಮೈಕಟ್ಟಿನ ಪ್ರವಾಸವೂ ಉಂಟು. ಭಾಲ್ಕಿ, ಔರಾದ ಕಡೆಯ ಮುದುಕರಿಗೆ ಗಾಡಗೆ ಬಾಬಾ ಹೆಸರು ಹೇಳಿದರೆ ಸಾಕು. ಅಮರಾವತಿ ಜಿಲ್ಲೆಯಲ್ಲಿ 1876ರಲ್ಲಿ ಅಗಸರ ಮನೆಯಲ್ಲಿ ಹುಟ್ಟಿದ ಈತ ಓದು ಬರಹ ಕಲಿತವನಲ್ಲ. ಕೈಯಲ್ಲಿ ಕಸಬರಿಗೆ, ಉಣ್ಣಲಿಕ್ಕೂ ಕುಡಿಯಲಿಕ್ಕೂ ಒಂದೇ ಒಡೆದ ಗಡಿಗೆ. ಊರಿಗೆ ಬಂದವನು ಯಾರ ಮನೆಗೂ ಹೋಗದೆ ಹಗಲೆಲ್ಲ ಬೀದಿ, ಚರಂಡಿ ಗುಡಿಸುತ್ತಿದ್ದ. ಕತ್ತಲಾದ ಮೇಲೆ ಅದೇ ಬೀದಿಯಲ್ಲಿ ಕೀರ್ತನೆ. ಅದೂ ಎಂಥದ್ದು? ಜನರನ್ನೇ ಪ್ರಶ್ನೆ ಕೇಳಿ, ಜನರಿಂದಲೇ ಉತ್ತರ ಹೇಳಿಸಿ, ಸಾಲ ಮಾಡಿ ಹಬ್ಬ ಮಾಡುವುದನ್ನು, ದೇವರಿಗೆ ಕುರಿ ಕೊಯ್ಯುವುದನ್ನು, ಮುಟ್ಟುತಟ್ಟು ಆಚರಿಸುವುದನ್ನು ಬೈದು, ನಗಿಸಿ, ನಾಚಿಸುವ ಕೀರ್ತನೆ. ಕೂಡಿದ ದುಡ್ಡು ಧರ್ಮಶಾಲೆಗಳಿಗೆ, ಶಾಲೆಗಳಿಗೆ, ಗೋಶಾಲೆಗಳಿಗೆ ಹೋಯಿತು, ಆತನ ಗಡಿಗೆ ಒಡಕಾಗಿಯೇ ಉಳಿಯಿತು. ಪಂಢರಪುರದಲ್ಲಿ ಕಟ್ಟಿಸಿದ ಚೋಖಾಮೇಳಾ ಧರ್ಮಶಾಲೆಯನ್ನು ಅಂಬೇಡ್ಕರರ ಶಿಕ್ಷಣ ಸಂಸ್ಥೆಗೆ ಒಪ್ಪಿಸಿಬಿಟ್ಟ. ಅಂಬೇಡ್ಕರರು ತೀರಿಕೊಂಡ ಎರಡೇ ವಾರಕ್ಕೆ, 1956ರ ಡಿಸೆಂಬರ್ 20ರಂದು, ತಾನೂ ಹೋದ.

ಇಲ್ಲಿ ಗೇಟು ಇಲ್ಲ. ಹಾಡುವವನೇ ಡಬ್ಬಿ ಹಿಡಿದವನು, ಡಬ್ಬಿ ಹಿಡಿಯುವ ಮೊದಲು ಕಸಬರಿಗೆ ಹಿಡಿದವನು. ಬೀದಿ ಗುಡಿಸಿದ್ದನ್ನು ಕಣ್ಣಾರೆ ಕಂಡ ಮೇಲೆ ಹೋದ ವರ್ಷದ ಲೆಕ್ಕ ಕೇಳುವ ಬಾಯಿಯೇ ಮುಚ್ಚಿಹೋಗುತ್ತದೆ. ಹಾಗೆಂದು ಈ ಪರಂಪರೆಯನ್ನು ಹೊಗಳಿ ಅಟ್ಟಕ್ಕೇರಿಸಲೂ ಮನಸ್ಸಿಲ್ಲ. ಇಂದು ಮಹಾರಾಷ್ಟ್ರ ಗಡಿಯ ಆಚೆ ಈಚೆ ಕೀರ್ತನೆ ಹೇಳುವವರಲ್ಲಿ ಕಾರು, ತಾರೀಕು, ಮುಂಗಡ ಎಲ್ಲ ಕೇಳುವವರಿದ್ದಾರೆ. ರಾಕ್ ತಾರೆಯ ಬಗ್ಗೆ ಮೂಗು ಮುರಿಯುವ ಹಕ್ಕು ನಮಗೆ ಅಷ್ಟಕ್ಕಷ್ಟೆ.

ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರ ಓಡಾಟವೂ ಇದೇ ಜಾತಿಯದು. ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಫಲಕ ತೂಗಿಸಿ ಒಳಗೆ ಕನ್ನಡ ಕಲಿಸಿದ ಕಥೆ ಇಲ್ಲಿ ಮಕ್ಕಳಿಗೂ ಗೊತ್ತು. ಶಾಲೆಗಾಗಿ ಜೋಳಿಗೆ ಹಿಡಿದು ಹೋದ ಮನೆಗೇ ಮತ್ತೆ ಮರುವರ್ಷ ಹೋಗಬೇಕು. ಹೋದ ಸಲ ಕೊಟ್ಟ ಜೋಳ ಏನಾಯಿತೆಂಬುದಕ್ಕೆ ಆ ಮನೆಯ ಹುಡುಗನೇ ಶಾಲೆಯಲ್ಲಿ ಕೂತು ಸಾಕ್ಷಿ ಹೇಳುತ್ತಿರಬೇಕು. ರಾಕ್ ಪ್ರವಾಸದ ಬಸ್ಸು ಅದೇ ಊರಿಗೆ ಮರುವರ್ಷ ಬರುವುದಿಲ್ಲ. ಬಂದರೂ ಹೊಸ ಹಾಡು ತರುತ್ತದೆ, ಹಳೆಯ ಹಾಳೆ ತರುವುದಿಲ್ಲ.

ಸಿನಿಮಾದವರ ವಿಷಯಕ್ಕೂ ಒಂದು ಮಾತು. ರಾಜ್‌ಕುಮಾರ್ ತಾವೇ ಹಾಡಿ ಊರೂರಲ್ಲಿ ನಡೆಸಿದ ರಸಮಂಜರಿಗಳ ಹಣ ಎಷ್ಟೋ ಒಳ್ಳೆಯ ಕೆಲಸಕ್ಕೆ ಒದಗಿದೆ. ಆದರೆ ಜನರ ಮನಸ್ಸನ್ನು ಅಲುಗಿಸಿದ್ದು ಅವರು ತೀರಿಕೊಂಡಾಗ ದಾನವಾದ ಕಣ್ಣು. 2021ರ ಅಕ್ಟೋಬರ್ 29ರಂದು ಮಗ ಪುನೀತ್ ಹೋದಾಗ ಮತ್ತೆ ಅದೇ ಆಯಿತು, ಅವರ ಕಣ್ಣಿನಿಂದ ನಾಲ್ವರಿಗೆ ಬೆಳಕು ಬಂತು. ಅದಾದ ಮೇಲೆ ನೇತ್ರದಾನಕ್ಕೆ ಹೆಸರು ಬರೆಸಲು ಸಾಲು ನಿಂತವರಿಗೆ ಯಾರೂ ಕರಪತ್ರ ಹಂಚಿರಲಿಲ್ಲ.

ಕೋಲ್ಡ್‌ಪ್ಲೇ ಆಮೇಲೂ ಸುತ್ತುತ್ತಲೇ ಇತ್ತು. 2025ರ ಜನವರಿ 25, 26ರಂದು ಅಹಮದಾಬಾದಿನ ಕ್ರೀಡಾಂಗಣ ತುಂಬಿಸಿತು. ಎರಡನೆಯ ದಿನದ್ದನ್ನು ಹಾಟ್‌ಸ್ಟಾರ್‌ನಲ್ಲಿ ನೇರ ತೋರಿಸಿದ್ದರಿಂದ ನಮ್ಮೂರ ಹುಡುಗರೂ ಮೊಬೈಲಿನಲ್ಲಿ ನೋಡಿದರು. ಮಾರಾಟವಾದ ಒಂದೊಂದು ಟಿಕೆಟ್ಟಿಗೆ ಒಂದು ಗಿಡ ನೆಡಿಸುತ್ತೇವೆ ಎಂಬುದು ಆ ಪ್ರವಾಸದ ಮಾತಾಗಿತ್ತು. ಹಳೆಯ ಸಹಿ ಹಾಳೆಗಿಂತ ಇದು ಸಪ್ಪೆ ಎನ್ನುವುದು ನನ್ನ ಅಭಿಪ್ರಾಯ. ಸಹಿ ಹಾಕಲು ಕೊನೆಗೆ ಹಾಳೆಯನ್ನಾದರೂ ಓದಬೇಕಿತ್ತು, ಇಲ್ಲಿ ಕೊಂಡವನು ಏನನ್ನೂ ಮಾಡಬೇಕಾಗಿಲ್ಲ, ಗಿಡ ಎಲ್ಲಿದೆ ಎಂದು ಕೇಳಬೇಕಾಗಿಯೂ ಇಲ್ಲ. ಕೇಳುಗರೇ ಸೈಕಲ್ಲಿನ ಪೆಡಲ್ ತುಳಿದು, ಕುಣಿಯುವ ನೆಲವನ್ನು ತುಳಿದು ವಿದ್ಯುತ್ ಮಾಡುವ ಏರ್ಪಾಡು ಮಾತ್ರ ನನಗೆ ಹಿಡಿಸಿತು. ಬೆವರು ಹಾಡು ಕೇಳಲು ಬಂದವನದೇ.

ಹೋದ ಗಣೇಶ ಹಬ್ಬಕ್ಕೆ ಚಂದಾ ಕೇಳಲು ಬಂದವರಲ್ಲಿ ಆ ಮೊಬೈಲ್ ಹುಡುಗರೂ ಇದ್ದರು. ಡಿಜೆಗೆ ಇಷ್ಟು, ಶಾಲೆಯ ನೀರಿನ ಟಾಕಿಗೆ ಇಷ್ಟು ಎಂದು ಹೇಳಿದರು. ನಮ್ಮ ಪಕ್ಕದ ಮನೆಯ ಮುದುಕರು ಚಹಾ ಕುಡಿಸಿ ಎಂದಿನ ಪ್ರಶ್ನೆ ಕೇಳಿದರು. ‘ನೋಡ್ರಿ ಕಾಕಾ’ ಎಂದು ಹುಡುಗ ಫೋನು ಮುಂದೆ ಹಿಡಿದ. ಕನ್ನಡಕ ಸಿಗಲಿಲ್ಲ. ‘ನೀನೇ ಓದಪಾ, ದೊಡ್ಡದಾಗಿ ಓದು, ಓಣಿ ಕೇಳಲಿ’ ಅಂದರು. ಅವನು ಓದತೊಡಗಿದ. ಡಿಜೆಯ ಮೊತ್ತ ಬಂದಾಗ ದನಿ ತಾನಾಗಿಯೇ ಸಣ್ಣದಾಯಿತು.